ಕೆಂಪು ಚುಕ್ಕೆಯ ಹುಟ್ಟುಹಬ್ಬಗಳು

ಆ ವರ್ಷದ ನನ್ನ ಡೈರಿಯಲ್ಲಿ ಪ್ರತಿ ಪುಟದ ತಲೆಗೂ ಎರಡು ದಿನಾಂಕಗಳಿವೆ. ಮೇಲಿನದು ನಾನು ಬದುಕಿದ ದಿನ, ಕೆಳಗಿನದು ನಾನು ಬರೆದು ಮುಗಿಸಿದ ದಿನ. ಏಪ್ರಿಲ್ ಕೊನೆಯ ಒಂದು ಪುಟದಲ್ಲಿ ಮೇಲೆ ‘ಬಸ್ಸು ಐವತ್ತೆರಡು ನಿಮಿಷ, ಅದರಲ್ಲಿ ಕೂತದ್ದು ಏಳು, ಕರೆಂಟು ಹೋದದ್ದು ಮೂರು ಸಲ’ ಎಂದಿದೆ. ಕೆಳಗೆ ‘ಡಿಸೆಂಬರ್ 20, 21’ ಎಂದಿದೆ. ದೆಹಲಿಯ ಬಿಸಿಗಾಳಿಯಲ್ಲಿ ಕೂತು ನಾನು ಅಮೆರಿಕದ ಹಿಮದಲ್ಲಿ ನಡೆದ ಆಟಗಳನ್ನು ಬರೆಯುತ್ತಿದ್ದೆ.

ಲಕ್ಷ್ಮೀ ನಗರದ ಒಂದು ಗಲ್ಲಿಯಲ್ಲಿ, ಕೋಚಿಂಗ್ ಕ್ಲಾಸಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎರಡು ಕೋಣೆ, ಆರು ಕಂಪ್ಯೂಟರು, ಒಂದು ಕಬ್ಬಿಣದ ಬೀರು. ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಎದುರು ಮನೆಯ ಗೋಡೆ. ಕೆಳಗಿನ ಮೇಷ್ಟ್ರ ಮೈಕು ದಿನವಿಡೀ ನೆಲದ ಮೂಲಕ ಪಾದಕ್ಕೆ ಕೇಳಿಸುತ್ತಿತ್ತು. ಅಮೆರಿಕದ ಒಬ್ಬ ಗಿರಾಕಿಗೆ ನಾವು ‘ಈ ದಿನ’ ಎಂಬ ಪುಟಗಳನ್ನು ಮಾಡಿಕೊಡುತ್ತಿದ್ದೆವು. ಕ್ರೀಡೆಯ ಭಾಗ ನನ್ನದು. ವರ್ಷದ ಪ್ರತಿ ದಿನಕ್ಕೆ ಒಂದು ಪುಟ. ಆ ದಿನ ಹುಟ್ಟಿದ ನಾಲ್ವರು ಆಟಗಾರರು, ಆ ದಿನ ನಡೆದ ಎರಡು ಮರೆಯಲಾಗದ ಘಟನೆಗಳು. ಪ್ರತಿಯೊಂದಕ್ಕೂ ಎರಡು ಆಧಾರ ಬೇಕು. ಒಟ್ಟು ಪುಟ ಮುನ್ನೂರ ಅರವತ್ತಾರು.

ನಾನು ಅದುವರೆಗೆ ಒಂದು ಬೇಸ್‌ಬಾಲ್ ಆಟವನ್ನೂ ನೋಡಿರಲಿಲ್ಲ. ಚೆಂಡು ಹೊಡೆದವನು ಯಾವ ಕಡೆಗೆ ಓಡುತ್ತಾನೆ ಎಂಬುದೂ ಗೊತ್ತಿರಲಿಲ್ಲ. ಆದರೆ ಯಾರು ಯಾವ ದಿನ ಏನು ಮಾಡಿದರು ಎಂಬುದು ಮಾತ್ರ ಬಾಯಿಪಾಠ ಆಗಿತ್ತು. 1962ರ ಮಾರ್ಚ್ ಎರಡರಂದು ಒಬ್ಬನೇ ಆಟಗಾರ ಒಂದೇ ಬಾಸ್ಕೆಟ್‌ಬಾಲ್ ಆಟದಲ್ಲಿ ನೂರು ಪಾಯಿಂಟ್ ಗಳಿಸಿದ. ಆ ಆಟದ ಚಿತ್ರೀಕರಣ ಇಲ್ಲ. ಆಟ ಮುಗಿದ ಮೇಲೆ ಒಂದು ಹಾಳೆಯಲ್ಲಿ ‘100’ ಎಂದು ಕೈಯಲ್ಲಿ ಬರೆದು ಅವನ ಕೈಗೆ ಕೊಟ್ಟು ತೆಗೆದ ಫೋಟೊ ಇದೆ. ಅದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಕಾಗದ ಇತ್ತು ಅನ್ನು. ಬಚಾವಾದ,” ಅಂದರು.

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ನಮ್ಮದು ಲೋಧಿ ಕಾಲೋನಿಯ ಕ್ವಾರ್ಟರ್ಸು. ಆ ಮೇ ತಿಂಗಳ ಕೊನೆಯ ದಿನ ಅವರು ನಿವೃತ್ತರಾಗುವವರಿದ್ದರು. ನಿಜಕ್ಕೂ ಅವರಿಗೆ ಆಗ ಅರವತ್ತಾಗಿರಲಿಲ್ಲ. ಕರಾವಳಿಯ ಶಾಲೆಯೊಂದರಲ್ಲಿ, ದೊಡ್ಡಪ್ಪನ ಮಗನ ಜೊತೆಯಲ್ಲೇ ಒಂದನೇ ಕ್ಲಾಸಿಗೆ ಕೂರಲಿ ಎಂದು ಹೆಡ್‌ಮೇಷ್ಟ್ರು ಅವರ ಹುಟ್ಟಿದ ದಿನವನ್ನು ಜೂನ್ ಒಂದು ಎಂದು ಬರೆದುಬಿಟ್ಟಿದ್ದರು. ಅಜ್ಜಿ ಬರೆಸಿಟ್ಟ ಜಾತಕದ ಲೆಕ್ಕದಲ್ಲಿ ಅವರು ಹುಟ್ಟಿದ್ದು ಅದರ ಮುಂದಿನ ವರ್ಷದ ಕಾರ್ತಿಕದಲ್ಲಿ. ವ್ಯತ್ಯಾಸ ಹದಿನೇಳು ತಿಂಗಳು. ಸೇವೆಗೆ ಸೇರಿದ ಐದು ವರ್ಷದೊಳಗೆ ಅರ್ಜಿ ಕೊಟ್ಟರೆ ಮಾತ್ರ ತಿದ್ದುಪಡಿ ಎಂಬುದು ಅಪ್ಪನಿಗೆ ತಿಳಿದದ್ದು ಏಳನೇ ವರ್ಷದಲ್ಲಂತೆ. ಜೂನ್ ಒಂದನೇ ತಾರೀಕು ಹುಟ್ಟಿದವರು ಮೇ ಮೂವತ್ತೊಂದಕ್ಕೇ ಮನೆಗೆ ಹೋಗಬೇಕು ಎಂಬುದು ಇನ್ನೊಂದು ನಿಯಮ.

ಈ ಪೆಟ್ಟಿನಿಂದಲೇ ಇರಬೇಕು, ನಾನು ಹುಟ್ಟಿದ ಐದನೇ ದಿನ ಅಪ್ಪ ರಜೆ ಹಾಕಿ ಮುನ್ಸಿಪಾಲಿಟಿಯ ಸಾಲಿನಲ್ಲಿ ನಿಂತು ನನ್ನ ಜನನ ಪ್ರಮಾಣಪತ್ರ ತಂದಿದ್ದರು. ಒರಿಜಿನಲ್ ಕಾಗದ ಯಾರ ಕೈಗೂ ಕೊಡಬಾರದು, ನಕಲು ಎಷ್ಟು ಬೇಕಾದರೂ ಕೊಡು ಎನ್ನುವುದು ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುವಷ್ಟು ಸಹಜವಾದ ನಿಯಮ.

ಅದನ್ನು ನಾನು ಮುರಿದಿದ್ದೆ. ಕೆಲಸಕ್ಕೆ ಸೇರುವ ದಿನ ಮಾಲೀಕರು ಒಂದು ಬಾಂಡ್ ಮುಂದಿಟ್ಟರು. ಮುನ್ನೂರ ಅರವತ್ತಾರು ಪುಟ ಮುಗಿಯುವವರೆಗೆ ಬಿಡುವ ಹಾಗಿಲ್ಲ. ಅಲ್ಲಿಯವರೆಗೆ ಡಿಗ್ರಿಯ ಒರಿಜಿನಲ್ ಸರ್ಟಿಫಿಕೇಟು ಅವರ ಬೀರುವಿನಲ್ಲಿ. “ಎಲ್ಲರದ್ದೂ ಇಲ್ಲೇ ಇದೆ ಬೇಟಾ, ಅಲ್ಮಾರಿ ಭದ್ರವಾಗಿದೆ,” ಅಂದರು. ಕೊಟ್ಟೆ. ಮನೆಯಲ್ಲಿ ಹೇಳಲಿಲ್ಲ.

ಕೆಲಸದ ಮೊದಲ ವಾರದಲ್ಲೇ ಒಂದು ತೊಡಕು ಎದುರಾಯಿತು. ಹಳೆಯ ಆಟಗಾರರಲ್ಲಿ ಕೆಲವರಿಗೆ ಎರಡೆರಡು ಹುಟ್ಟಿದ ದಿನಗಳಿದ್ದವು. ಮನೆಯವರು ಹೇಳುವುದು ಒಂದು, ದಾಖಲೆ ಹೇಳುವುದು ಇನ್ನೊಂದು. ಯಾವುದು ಹಿಡಿಯಬೇಕು ಎಂದು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಬರೆದುಕೊಂಡೆ: ‘ಎರಡಿದ್ದರೆ ಸರ್ಕಾರಿ ಕಾಗದ ಹೇಳುವುದೇ ಸರಿ.’ ಬೇರೆ ನಿಯಮ ಇರಬಹುದು ಎಂಬುದು ನಮ್ಮ ಮನೆಯಲ್ಲಿ ಬೆಳೆದವಳಿಗೆ ಗೊತ್ತಾಗುವುದಾದರೂ ಹೇಗೆ? ಆದರೂ ಅಂಥ ಹೆಸರು ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, ಕೊನೆಯಲ್ಲಿ ಒಂದು ಪಟ್ಟಿ ಮಾಡಿದ್ದೆ. ಇಪ್ಪತ್ತಮೂರು ಹೆಸರು, ಹತ್ತೊಂಬತ್ತು ಪುಟಗಳಲ್ಲಿ.

ಅವರಲ್ಲೊಬ್ಬನ ಕತೆಯನ್ನು ಅಪ್ಪನಿಗೆ ಹೇಳಿದ್ದು ನೆನಪಿದೆ. ಅಮೆರಿಕದ ಮಕ್ಕಳಿಗೆಲ್ಲ ಗೊತ್ತಿರುವ ಹಳೆಯ ಕಾಲದ ಬ್ಯಾಟುಗಾರ. ನಡುವಯಸ್ಸಿನಲ್ಲಿ ವಿದೇಶಕ್ಕೆ ಹೋಗಲು ಪಾಸ್‌ಪೋರ್ಟಿಗೆಂದು ಜನನ ಪತ್ರ ತೆಗೆಸಿದಾಗ ತಾನು ಅಂದುಕೊಂಡದ್ದಕ್ಕಿಂತ ಒಂದು ವರ್ಷ ಚಿಕ್ಕವನು ಎಂದು ಅವನಿಗೆ ತಿಳಿಯಿತು.

“ತಿದ್ದಿಸಿಕೊಂಡನೋ?” ಅಪ್ಪ ಕೇಳಿದರು.

“ಇಲ್ಲ. ಹಳೆಯ ದಿನವೇ ಇರಲಿ ಅಂತ ಅದೇ ದಿನ ಹುಟ್ಟುಹಬ್ಬ ಮಾಡಿಕೊಳ್ತಿದ್ದನಂತೆ.”

“ಅವನಿಗೇನು, ಸರ್ವಿಸ್ ಬುಕ್ ಇರಲಿಲ್ಲ,” ಅಂದರು ಅಪ್ಪ.

ಏಪ್ರಿಲ್ ಕೊನೆಯ ಶನಿವಾರ ಸಂಜೆ ಒಂದು ಪತ್ರ ಬಂತು. ಹಿಂದಿನ ವರ್ಷ ಬರೆದಿದ್ದ ಸರ್ಕಾರಿ ಗುಮಾಸ್ತರ ಪರೀಕ್ಷೆಯ ಆಯ್ಕೆ ಪಟ್ಟಿಯಲ್ಲಿ ನನ್ನ ನಂಬರು ಇತ್ತು. ಮೇ ತಿಂಗಳ ಮೂರನೇ ಗುರುವಾರ ಬೆಳಿಗ್ಗೆ ಹತ್ತಕ್ಕೆ ದಾಖಲೆಗಳ ಪರಿಶೀಲನೆ. ಮೂಲ ಪ್ರಮಾಣಪತ್ರಗಳನ್ನು ತರಬೇಕು. ತರದಿದ್ದರೆ ಉಮೇದುವಾರಿಕೆ ರದ್ದು. ಇನ್ನೊಂದು ಅವಕಾಶ ಇಲ್ಲ. ಅಮ್ಮ ಪತ್ರವನ್ನು ದೇವರ ಮುಂದಿಟ್ಟಳು. ಅಪ್ಪ ಅದನ್ನು ಅಲ್ಲಿಂದ ತೆಗೆದು ಎರಡು ಸಲ ಓದಿ, “ಮೂಲ ಪ್ರಮಾಣಪತ್ರ” ಎಂಬಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಮತ್ತೆ ದೇವರ ಮುಂದಿಟ್ಟರು.

ನಾನು ಹೆದರಲಿಲ್ಲ. ಲೆಕ್ಕ ನನ್ನ ಕೈಯಲ್ಲಿತ್ತು. ಉಳಿದದ್ದು ಒಂಬತ್ತು ಪುಟ. ಡಿಸೆಂಬರಿನ ಎಂಟು, ಮತ್ತೆ ನಾಲ್ಕನೆಯ ಆಟಗಾರ ಸಿಗದೆ ಬಿಟ್ಟಿದ್ದ ಫೆಬ್ರುವರಿ ಇಪ್ಪತ್ತೊಂಬತ್ತು. ದಿನಕ್ಕೆರಡು ಎಂದರೂ ಗುರುವಾರಕ್ಕೆ ಮೊದಲು ಎಷ್ಟೋ ದಿನ ಉಳಿಯುತ್ತಿತ್ತು.

ಮೇ ಮೊದಲ ಸೋಮವಾರ ಮಾಲೀಕರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಗಿರಾಕಿಯಿಂದ ಈಮೇಲ್ ಬಂದಿತ್ತು. ತೀರಿಕೊಂಡ ಒಬ್ಬ ಹಳೆಯ ಆಟಗಾರನ ಮಗಳು ಅವರಿಗೆ ಬರೆದಿದ್ದಳು. ನಮ್ಮಪ್ಪ ಬದುಕಿದ್ದಷ್ಟೂ ವರ್ಷ ಕೇಕು ಕತ್ತರಿಸಿದ್ದು ಇನ್ನೊಂದು ದಿನ, ನೀವು ಯಾವುದೋ ಕಚೇರಿಯ ಕಾಗದ ನೋಡಿ ಬೇರೆ ದಿನ ಹಾಕಿದ್ದೀರಿ, ನಮ್ಮ ಮನೆಯವರನ್ನು ಕೇಳಬಾರದಿತ್ತೆ ಎಂದು. ಗಿರಾಕಿ ಹೊಸ ನಿಯಮ ಮಾಡಿದ್ದರು: ಎರಡು ದಿನಗಳಿದ್ದರೆ ಆಟಗಾರ ತಾನೇ ಆಚರಿಸುತ್ತಿದ್ದ ದಿನವನ್ನು ಹಿಡಿಯಬೇಕು. ಅದು ಗೊತ್ತಾಗದಿದ್ದರೆ ಹೆಸರು ಬಿಡಬೇಕು, ಬೇರೊಬ್ಬನನ್ನು ಹುಡುಕಬೇಕು.

“ಇಂಥವರು ಎಷ್ಟು ಜನ ಇರಬಹುದು?” ಮಾಲೀಕರು ಕೇಳಿದರು.

“ಇಪ್ಪತ್ತಮೂರು ಸರ್,” ಎಂದುಬಿಟ್ಟೆ. ನೋಟ್‌ಬುಕ್ಕಿನ ಕೊನೆಯ ಪುಟವನ್ನೂ ತೆರೆದು ತೋರಿಸಿದೆ.

ಅವರು ಪಟ್ಟಿಯನ್ನು ಮೆಚ್ಚುಗೆಯಿಂದ ನೋಡಿದರು. “ಶಾಬಾಶ್. ಎಷ್ಟು ನೀಟಾಗಿದೆ. ಚಲೋ, ಈ ಹತ್ತೊಂಬತ್ತು ಪುಟ ವಾಪಸ್ ತೆರೆದುಬಿಡು.”

ಪಕ್ಕದ ಮೇಜಿನಲ್ಲಿ ಅದೇ ಗಿರಾಕಿಗೆ ರಾಶಿಭವಿಷ್ಯ ಬರೆಯುತ್ತಿದ್ದ ಹುಡುಗಿ ಇದ್ದಳು. ಮುನಿರ್ಕಾದಲ್ಲಿ ಬಾಡಿಗೆ ಕೋಣೆ, ದಿನಕ್ಕೆ ಹನ್ನೆರಡು ರಾಶಿ. ಮಾಲೀಕರು ಹೋದ ಮೇಲೆ ಕುರ್ಚಿಯನ್ನು ನನ್ನತ್ತ ತಿರುಗಿಸಿದಳು. “ಪಾಗಲ್ ಹೈ ಕ್ಯಾ? ಎರಡೋ ಮೂರೋ ಇರಬಹುದು ಅನ್ನಬೇಕಿತ್ತು. ಆ ಪಟ್ಟಿ ಇರದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?”

“ನನಗೆ ಗೊತ್ತಾಗ್ತಿತ್ತು.”

“ಹಾಗಾದ್ರೆ ಅನುಭವಿಸು. ನಿನ್ನದು ಯಾವ ರಾಶಿ ಹೇಳು, ಈ ವಾರ ಬಿಡುಗಡೆ ಅಂತ ಬರೀತೀನಿ.”

ಒಂಬತ್ತು ಇದ್ದದ್ದು ಇಪ್ಪತ್ತೆಂಟಾಯಿತು. ಡೈರಿಯಲ್ಲಿ ಆ ದಿನದ ಎರಡನೇ ದಿನಾಂಕದ ಜಾಗ ಖಾಲಿ ಇದೆ.

ಮುಂದಿನ ದಿನಗಳ ಲೆಕ್ಕ ಹೀಗಿದೆ: ಮೂರು, ಎರಡು, ನಾಲ್ಕು, ಒಂದು, ಮತ್ತೆ ಒಂದು. ಹೊಸ ಪುಟ ಬರೆಯುವುದು ಸುಲಭ, ಮುಚ್ಚಿದ ಪುಟ ತೆರೆಯುವುದು ಕಷ್ಟ. ಸತ್ತುಹೋದವನು ಯಾವ ದಿನ ಕೇಕು ಕತ್ತರಿಸುತ್ತಿದ್ದ ಎಂದು ಹುಡುಕಲು ಅವನೂರಿನ ಪತ್ರಿಕೆಯ ಹಳೆಯ ಸಂದರ್ಶನಗಳನ್ನು ಒಂದೊಂದಾಗಿ ತೆರೆಯಬೇಕು. ಪುಟ ಅರ್ಧ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕೆಳಗಿನ ಮೇಷ್ಟ್ರು ಮಾತ್ರ ಮೈಕಿಲ್ಲದೆಯೂ ಕೂಗುತ್ತಲೇ ಇರುತ್ತಿದ್ದರು. ಎದುರಿನ ಗೋಡೆಯಲ್ಲಿ ನನ್ನ ಕಿಟಕಿಗೆ ಕಾಣುವಷ್ಟು ಜಾಗದಲ್ಲಿ ನೂರ ಹನ್ನೊಂದು ಇಟ್ಟಿಗೆಗಳಿದ್ದವು. ಆ ವಾರ ಎಣಿಸಿದ್ದು.

ಒಂದು ಸಂಜೆ ಆ ಕೊನೆಯ ಪುಟವನ್ನು ನೋಟ್‌ಬುಕ್ಕಿನಿಂದ ಹರಿಯಲು ಅಂಚು ಹಿಡಿದದ್ದೂ ಇದೆ. ಮಾಲೀಕರು ಪಟ್ಟಿಯನ್ನು ಬರೆದುಕೊಂಡಿರಲಿಲ್ಲ. ಹರಿದರೆ ಇಪ್ಪತ್ತಮೂರು ಎಂಬ ಸಂಖ್ಯೆ ನನ್ನ ಬಾಯಲ್ಲಿ ಮಾತ್ರ ಉಳಿಯುತ್ತಿತ್ತು. ಹರಿಯಲಿಲ್ಲ. ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲಾರೆ. ಪುಟ ಸಂಖ್ಯೆ ತಪ್ಪುತ್ತದಲ್ಲ ಎಂದು ಕೈ ನಿಂತಿತು.

ಮಂಗಳವಾರ ಸಂಜೆಗೆ ಐದು ಪುಟ ಉಳಿದವು. ಅವುಗಳಲ್ಲಿ ಫೆಬ್ರುವರಿ ಇಪ್ಪತ್ತೊಂಬತ್ತೂ ಒಂದು. ಅಲ್ಲಿಗೆ ನಾಲ್ಕನೆಯವನು ಸಿಕ್ಕಿದ್ದ, ಆದರೆ ಅವನಿಗೂ ಕೆಂಪು ಚುಕ್ಕೆ, ಪಟ್ಟಿಯಲ್ಲಿ ಇಪ್ಪತ್ತನಾಲ್ಕನೆಯವನು: ಮನೆಯವರು ಇಪ್ಪತ್ತೊಂಬತ್ತು ಎನ್ನುತ್ತಾರೆ, ದಾಖಲೆ ಮಾರ್ಚ್ ಒಂದು ಎನ್ನುತ್ತದೆ. ನಾಡಿದ್ದು ಗುರುವಾರ. ಮಾಲೀಕರ ಕೋಣೆಗೆ ಹೋಗಿ, ಒಂದು ದಿನದ ಮಟ್ಟಿಗೆ ಸರ್ಟಿಫಿಕೇಟು ಕೊಡಿ, ಶುಕ್ರವಾರ ಬೆಳಿಗ್ಗೆ ತಂದುಕೊಡುತ್ತೇನೆ ಎಂದೆ.

“ಬೇಟಾ, ನೀನು ಒಳ್ಳೆ ಹುಡುಗಿ. ಅದಕ್ಕೇ ಹೇಳ್ತೀನಿ,” ಅಂದರು. “ಹೋದ ವರ್ಷ ಒಬ್ಬ ಒಂದು ದಿನಕ್ಕೆ ಅಂತ ತಗೊಂಡು ಹೋದ. ಇವತ್ತಿನವರೆಗೂ ಆ ಒಂದು ದಿನ ಮುಗಿದಿಲ್ಲ. ಐದೇ ಪುಟ ತಾನೇ? ಮುಗಿಸು, ತಗೊಂಡು ಹೋಗು.”

“ನಾಳೆ ಒಂದೇ ದಿನದಲ್ಲಿ ಐದು ಆಗಲ್ಲ ಸರ್. ಆಧಾರ ಸಿಗ್ತಿಲ್ಲ.”

“ಅಚ್ಛಾ, ಹಾಗಾದ್ರೆ ಕಣ್ಣು ಮುಚ್ಚಿ ಯಾವುದಾದರೊಂದು ಹಾಕು. ಆಮೇಲೆ ಅವರ ಮಗಳು ಬರೆದರೆ ನೀನೇ ಉತ್ತರ ಕೊಡು.”

ಅವರು ನಗುತ್ತಿದ್ದರು. ನಾನು ಕಣ್ಣು ಮುಚ್ಚಿ ಹಾಕುವವಳಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂದು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬಾಲ್ಕನಿಯಲ್ಲಿ ಬೇವಿನ ಮರದ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದರು. ಬಾಂಡು, ಬೀರು, ಇಪ್ಪತ್ತೆಂಟು, ಐದು, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಹೇಳಿದೆ. ಅಡುಗೆಮನೆಯಿಂದ ಅಮ್ಮ, “ಅಯ್ಯೋ, ಒರಿಜಿನಲ್ಲಾ?” ಅಂದಳು. ಅಪ್ಪ ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ.

“ಕೊಡುವಾಗ ರಸೀದಿ ತಗೊಂಡ್ಯಾ?” ಎಂದಷ್ಟೇ ಕೇಳಿದರು.

“ಇಲ್ಲ.”

ಆಗ ಅವರ ಮುಖದಲ್ಲಿ ನಿಜವಾದ ಬೇಸರ ಕಾಣಿಸಿತು.

ಬುಧವಾರ ಅಪ್ಪ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಮಾಲೀಕರ ಎದುರು ಕೂತು ನಾಲ್ಕು ಸಾಲಿನ ಅರ್ಜಿ ಕೊಟ್ಟರು. ಮಗಳ ಪ್ರಮಾಣಪತ್ರವನ್ನು ಒಂದು ದಿನದ ಮಟ್ಟಿಗೆ ಬಿಡುಗಡೆ ಮಾಡಬೇಕೆಂದೂ ಅದರ ಬದಲಿಗೆ ಅರ್ಜಿದಾರನ ಮೂಲ ದಾಖಲೆಯನ್ನು ಇಟ್ಟುಕೊಳ್ಳಬೇಕೆಂದೂ ಅದರಲ್ಲಿತ್ತು.

“ಅಂಕಲ್‌ಜೀ, ಇದೇನು ಸರ್ಕಾರಿ ಆಫೀಸಾ?” ಮಾಲೀಕರು ನಕ್ಕರು.

“ಆಫೀಸು ಯಾವುದಾದರೇನು? ಕಾಗದಕ್ಕೆ ಕಾಗದ,” ಎಂದರು ಅಪ್ಪ, ಮೂವತ್ತೈದು ವರ್ಷ ತೇದ ಹಿಂದಿಯಲ್ಲಿ. ಆಮೇಲೆ ಕವರಿನಿಂದ ತಮ್ಮ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಡಿಕೆಗಳಲ್ಲೆಲ್ಲ ಹಳದಿ ತಿರುಗಿದ ಟೇಪು. ನಡುವೆ ನೀಲಿ ಶಾಯಿಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಜೂನ್ ಒಂದು. ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಅಪ್ಪ ಅದನ್ನು ನಮಗೂ ಮುಟ್ಟಲು ಕೊಡುತ್ತಿರಲಿಲ್ಲ.

ಮಾಲೀಕರು ಕಾಗದವನ್ನು ತುದಿಬೆರಳಿನಲ್ಲಿ ಹಿಡಿದರು. ಅವರ ದನಿ ತಗ್ಗಿತ್ತು. “ಇದು ನಿಮಗೆ ಬೇಕಾಗಲ್ವಾ?”

“ಪೆನ್ಷನ್ ಕಾಗದ ಎಲ್ಲ ಹೋಗಿ ಆಯಿತು. ಈ ತಿಂಗಳ ಮೂವತ್ತೊಂದಕ್ಕೆ ಇದರ ಕೆಲಸ ಮುಗೀತು. ಕಳೆದರೂ ನನಗೆ ಹದಿನೇಳು ತಿಂಗಳು ವಾಪಸ್ ಬರಲ್ಲ,” ಅಂದರು ಅಪ್ಪ. ಮಾಲೀಕರಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಆದರೂ ಎದ್ದು ಬೀರು ತೆರೆದರು. ಒಂದು ಒಳಗೆ ಹೋಯಿತು, ಒಂದು ಹೊರಗೆ ಬಂತು. ಅಪ್ಪ ಅರ್ಜಿಯ ಕೆಳಗೆ ಇಬ್ಬರ ಸಹಿ ಹಾಕಿಸಿ ಗಂಟೆ, ನಿಮಿಷ ಬರೆಸಿದರು: ಹನ್ನೊಂದು ಇಪ್ಪತ್ತು.

ಕೆಳಗೆ ಗಲ್ಲಿಯಲ್ಲಿ ಕಬ್ಬಿನ ಹಾಲಿನ ಭಯ್ಯಾನ ಯಂತ್ರದ ಗೆಜ್ಜೆ ಸದ್ದಿನ ಪಕ್ಕ ನಿಂತು ಅಪ್ಪ ಹೇಳಿದರು, “ಕೊಡುವ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ ಪುಟ್ಟಿ?”

“ಹೇಳಿದ್ರೆ ನೀವು ಬೇಡ ಅಂತಿದ್ರಿ.”

“ಅಂತಿದ್ದೆ,” ಅಂದರು. ಇಬ್ಬರೂ ಒಂದೊಂದು ಲೋಟ ಕುಡಿದೆವು. ಅವರು ಕಚೇರಿಗೆ ಹೋದರು, ನಾನು ಮೆಟ್ಟಿಲು ಹತ್ತಿದೆ. ಅಂದು ಆಧಾರ ಸಿಗದೆ ಒಂದು ಪುಟವೂ ಮುಗಿಯಲಿಲ್ಲ.

ಗುರುವಾರದ ಪರಿಶೀಲನೆ ನಾಲ್ಕು ನಿಮಿಷದ್ದು. ಎರಡು ಗಂಟೆ ಹತ್ತು ನಿಮಿಷ ಸಾಲಿನಲ್ಲಿ ನಿಂತೆ. ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಹತ್ತನೇ ತರಗತಿಯ ಕಾಗದ ನೋಡುತ್ತಾ, “ಹುಟ್ಟಿದ ದಿನ?” ಎಂದು ಕೇಳಿದರು. ಹೇಳಿದೆ. ಟಿಕ್ ಹಾಕಿದರು. ಡಿಗ್ರಿಯ ಒರಿಜಿನಲ್ಲನ್ನು ಬೆಳಕಿಗೆ ಹಿಡಿದು ನೋಡಿ ಇನ್ನೊಂದು ಟಿಕ್ ಹಾಕಿದರು. ಆದೇಶ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ, “ಬಂದಾಗ ಬರುತ್ತೆ, ಮುಂದಿನವರು,” ಅಂದರು.

ಆ ಸಂಜೆ ನನ್ನ ಸರ್ಟಿಫಿಕೇಟು ನನ್ನ ಮಡಿಲಲ್ಲಿತ್ತು. ಅಮ್ಮ ಅದನ್ನೇ ನೋಡುತ್ತಾ, “ನಿನ್ನದು ನಿನ್ನ ಕೈಗೆ ಬಂತಲ್ಲ, ಇನ್ನೇನು ಆ ಗಲ್ಲಿಗೆ ಹೋಗೋದು?” ಅಂದಳು. ಅಪ್ಪ ಕೂಡ, “ಇರಲಿ ಬಿಡು, ನನ್ನದು ಅಲ್ಲೇ ಬಿದ್ದಿರಲಿ,” ಅಂದರು. ಹೇಳಿದ್ದು ಸುಲಭವಾಗಿ. ಆದರೆ ಕೈ ಮಾತ್ರ ಆ ಖಾಲಿ ಪ್ಲಾಸ್ಟಿಕ್ ಕವರನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿತ್ತು.

ಹೋಗದಿದ್ದರೆ ನಾನು ಪಾರಾಗುತ್ತಿದ್ದೆ. ಅದನ್ನು ಡೈರಿಯಲ್ಲಿ ಹಾಗೇ ಬರೆದಿದ್ದೇನೆ. ಅದರ ಕೆಳಗೆ ಬರೆದಿರುವುದು ‘ಶುಕ್ರವಾರ, ಬಸ್ಸು ಐವತ್ತು ನಿಮಿಷ.’

ಮಾಲೀಕರು ನನ್ನನ್ನು ಬಾಗಿಲಲ್ಲಿ ಕಂಡು ಜೇಬಿನಿಂದ ಕೀಲಿ ತೆಗೆದರು. ಆಮೇಲೆ ಬೀರು ತೆರೆದರು. ನನ್ನದು ಒಳಗೆ ಹೋಯಿತು, ಅಪ್ಪನದು ಹೊರಗೆ ಬಂತು. ಗಂಟೆ ಒಂಬತ್ತೂವರೆ, ಈ ಸಲ ನಾನೇ ಬರೆಸಿದೆ. ಬೀಗದ ಸದ್ದು ಕೇಳಿ ರಾಶಿಭವಿಷ್ಯದ ಹುಡುಗಿ ಹಣೆ ಚಚ್ಚಿಕೊಂಡಳು. “ನಿನಗೆ ಬಿಡುಗಡೆ ಬರೆದು ನನ್ನ ಹೆಸರು ಹಾಳಾಯ್ತು.”

ಅಂದು ಮಧ್ಯಾಹ್ನ ಕರೆಂಟು ಇಲ್ಲದಾಗ ಅಪ್ಪನ ಕಾಗದವನ್ನು ಬಿಡಿಸಿ ಕೂತೆ. ಜೂನ್ ಒಂದು ಎಂದು ಬರೆದವರ ಕೈಬರಹ ಬಹಳ ಚೆಂದ ಇತ್ತು. ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಇಪ್ಪತ್ತನಾಲ್ಕರ ಕೆಳಗೆ ಇಪ್ಪತ್ತೈದು ಎಂದು ಬರೆದು ಕೆಂಪು ಚುಕ್ಕೆ ಇಟ್ಟೆ. ದಾಖಲೆ: ಜೂನ್ ಒಂದು. ಮನೆಯವರು: ಕಾರ್ತಿಕ. ಮೂರನೆಯ ಕಲಂ ಹೊಸ ನಿಯಮದ್ದು, ಆಚರಿಸುತ್ತಿದ್ದ ದಿನ. ಅಲ್ಲಿ ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ನನ್ನ ಹುಟ್ಟುಹಬ್ಬ ಇತ್ತು, ಅಮ್ಮನದೂ ಇತ್ತು. ಅಪ್ಪನದು ಯಾವತ್ತೂ ಇರಲಿಲ್ಲ. ಜೂನ್ ಒಂದು ಎಂದರೆ ಅವರಿಗೆ ಆಗುತ್ತಿರಲಿಲ್ಲ, ಕಾರ್ತಿಕದ ತಾರೀಕು ಪ್ರತಿ ವರ್ಷ ಬದಲಾಗುತ್ತದೆ ಎಂದು ಯಾರೂ ಹುಡುಕುತ್ತಿರಲಿಲ್ಲ. ನಿಯಮದ ಪ್ರಕಾರ ಈ ಹೆಸರು ಬಿಡಬೇಕು, ಬೇರೊಬ್ಬನನ್ನು ಹುಡುಕಬೇಕು.

ಸಂಜೆ ಕಾಗದ ಕೊಟ್ಟಾಗ ಅಪ್ಪ ಮೊದಲು ಮಡಿಕೆಗಳನ್ನು ಪರೀಕ್ಷಿಸಿದರು. ಆಮೇಲೆ ಕವರಿನಲ್ಲಿಟ್ಟು, ಕವರನ್ನು ಟ್ರಂಕಿನಲ್ಲಿಟ್ಟರು.

“ಅಪ್ಪ, ನಿಮ್ಮ ಹುಟ್ಟುಹಬ್ಬ ಯಾವ ದಿನ ಅಂತ ಬರಕೊಳ್ಳಲಿ?”

“ಅದ್ಯಾಕೆ ಈಗ?”

“ಪಟ್ಟಿಗೆ. ಆಚರಿಸಿದ ದಿನ ಬೇಕು.”

ಅಪ್ಪ ಟ್ರಂಕಿನ ಮುಚ್ಚಳ ಹಾಕಿದರು. “ಆಫೀಸಿನವರು ಮೂವತ್ತೊಂದಕ್ಕೆ ಟೀ ಪಾರ್ಟಿ ಇಟ್ಟಿದ್ದಾರಲ್ಲ. ಸಮೋಸ, ಬರ್ಫಿ, ಹಾರ ಎಲ್ಲ ಇದೆ. ಅದನ್ನೇ ಬರಕೋ,” ಅಂದರು.

ಅಮ್ಮ ಅಡುಗೆಮನೆಯಲ್ಲಿ ನಕ್ಕಳು. ಅಪ್ಪನೂ ನಕ್ಕರು. ನಾನು ಬರೆದುಕೊಂಡೆ. ಮೂರನೆಯ ಕಲಂ ತುಂಬಿತು. ನಿಯಮದ ಪ್ರಕಾರ ಹೆಸರು ಉಳಿಯಿತು. ಆಮೇಲೆ ಡೈರಿ ತೆಗೆದು ಆ ದಿನದ ಪುಟ ಮುಗಿಸಿದೆ. ಮೇಲೆ ಶುಕ್ರವಾರದ ದಿನಾಂಕ, ಕೆಳಗೆ ಏನೂ ಇಲ್ಲ. ಉಳಿದ ಪುಟ: ಐದು.